ವೃದ್ಧರ ತುರ್ತು ಚಿಕಿತ್ಸೆ: ಮೊದಲು ಕೇಳಬೇಕಾದ ಪ್ರಶ್ನೆ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆ ಕನ್ನಡಿಗರ ನಾಲಗೆಯ ಮೇಲೆ ಬಹುಕಾಲದಿಂದ ನಿಂತಿದೆ. ಹಾಸ್ಯಕ್ಕಾಗಿ ಆಡಿದಾಗ ಅದರಿಂದ ಕೇಡೇನೂ ಇಲ್ಲ. ಆದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಜನರು ವಾಡಿಕೆಯಾಗಿ ಕ್ಯಾಶುಯಲ್ಟಿ ಎಂದು ಕರೆಯುವ ಕೋಣೆಯಲ್ಲಿ, ಅದೇ ಮಾತು ರೋಗನಿದಾನದ ಸ್ಥಾನವನ್ನು ಆಕ್ರಮಿಸಿಕೊಂಡರೆ ಪ್ರಾಣಕ್ಕೇ ಎರವಾಗುತ್ತದೆ. ಮೊನ್ನೆಯವರೆಗೆ ತಾನಾಗಿ ಎದ್ದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ವೃತ್ತಪತ್ರಿಕೆ ಓದುತ್ತಿದ್ದ ಎಂಬತ್ತರ ಹಿರಿಯರೊಬ್ಬರು ಇಂದು ಮಗನ ಗುರುತು ಹಿಡಿಯದೆ, ಗೋಡೆಯ ಕಡೆ ನೋಡಿ ಮಾತನಾಡುತ್ತಿದ್ದರೆ ಅದು ಮುಪ್ಪಲ್ಲ, ರೋಗ. ಶ್ವಾಸಕೋಶದ ಸೋಂಕು, ಮೂತ್ರಕೋಶದ ಸೋಂಕು, ರಕ್ತದಲ್ಲಿ ಸೋಡಿಯಂ ಕುಸಿದಿರುವುದು, ಹೊಸದಾಗಿ ಆರಂಭಿಸಿದ ಯಾವುದೋ ಮಾತ್ರೆ, ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಾಗಿರಬಹುದು. ಹಿಂದಿನವರು ಇದನ್ನು ‘ಸನ್ನಿ’ ಎಂದು ಕರೆದು ಭಯಪಡುತ್ತಿದ್ದರು. ಇಂದಿನವರು ‘ವಯಸ್ಸಾಯಿತಲ್ಲ’ ಎಂದು ಸಮಾಧಾನ ತಂದುಕೊಳ್ಳುತ್ತಾರೆ. ಹಿಂದಿನವರ ಭಯವೇ ಶಾಸ್ತ್ರಕ್ಕೆ ಹತ್ತಿರವಾದುದು.

ತುರ್ತು ಚಿಕಿತ್ಸಾ ವಿಭಾಗದ ಏರ್ಪಾಡೆಲ್ಲ ಮೂಲತಃ ಬೇರೊಂದು ಬಗೆಯ ರೋಗಿಯನ್ನು ಕಣ್ಮುಂದೆ ಇಟ್ಟುಕೊಂಡು ರೂಪುಗೊಂಡದ್ದು. ರಸ್ತೆ ಅಪಘಾತದಲ್ಲಿ ಗಾಯಗೊಂಡ ಯುವಕನಿಗೆ, ಎದೆ ಹಿಡಿದುಕೊಂಡು ಬಂದ ಮಧ್ಯವಯಸ್ಕನಿಗೆ ಅಲ್ಲಿಯ ವ್ಯವಸ್ಥೆ ಸರಿಯಾಗಿಯೇ ಒದಗುತ್ತದೆ. ಕೆಟ್ಟಿರುವುದು ಒಂದು ಅಂಗ; ಅದನ್ನು ಬೇಗನೆ ಕಂಡುಹಿಡಿದು ಸರಿಪಡಿಸಿದರೆ ಮನುಷ್ಯ ಮೊದಲಿನಂತಾಗುತ್ತಾನೆ. ಆದುದರಿಂದ ಅಲ್ಲಿ ಕೇಳುವ ಮೊದಲ ಪ್ರಶ್ನೆ “ಏನಾಗಿದೆ? ಎಲ್ಲಿ ನೋವು?” ಎಂಬುದು. ದುರ್ಬಲ ವೃದ್ಧರ ವಿಷಯದಲ್ಲಿ ಈ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಬರಬೇಕು: “ಹದಿನೈದು ದಿನಗಳ ಹಿಂದೆ ಇವರು ಹೇಗಿದ್ದರು?” ಈ ಪ್ರಶ್ನೆಯನ್ನು ಕೇಳದೆ ಮಾಡಿದ ಚಿಕಿತ್ಸೆ ಕತ್ತಲಲ್ಲಿ ತಡಕಾಡಿದಂತೆ. ಇದನ್ನು ಕೇಳಬಲ್ಲ, ಉತ್ತರದ ಅರ್ಥವನ್ನು ಬಲ್ಲ ತಜ್ಞರ ಪರಿಶೀಲನೆ ವೃದ್ಧರಿಗೆ ವಾರ್ಡಿಗೆ ಹೋದ ಮೇಲೆ ಯಾವಾಗಲೋ ಅಲ್ಲ, ತುರ್ತು ವಿಭಾಗದ ಬಾಗಿಲಲ್ಲಿಯೇ ದೊರೆಯಬೇಕು. ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿ, ತಂದೆತಾಯಿಯರನ್ನು ಮುಪ್ಪಿನಲ್ಲಿ ತಮ್ಮ ಬಳಿಗೆ ಕರೆಸಿಕೊಂಡಿರುವ ಕನ್ನಡ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ.

ಮುಪ್ಪು ಬೇರೆ, ಜರಾದೌರ್ಬಲ್ಯ ಬೇರೆ

ಎಪ್ಪತ್ತೆಂಟು ವರ್ಷದ ಇಬ್ಬರನ್ನು ಊಹಿಸಿಕೊಳ್ಳಬಹುದು. ಒಬ್ಬರು ದಿನವೂ ಬೆಳಗ್ಗೆ ಉದ್ಯಾನದಲ್ಲಿ ಅರ್ಧ ಗಂಟೆ ನಡೆಯುವವರು. ಬ್ಯಾಂಕಿನ ಕೆಲಸವನ್ನು ತಾವೇ ನೋಡಿಕೊಳ್ಳುವವರು. ಇನ್ನೊಬ್ಬರು ಆರು ತಿಂಗಳಿಂದ ತೂಕ ಇಳಿದು, ಕುರ್ಚಿಯಿಂದ ಏಳಲು ಕೈ ಊರುವವರು; ಮಧ್ಯಾಹ್ನವಾಗುವಷ್ಟರಲ್ಲಿ ದಣಿದು ಮಲಗುವವರು. ಇಬ್ಬರಿಗೂ ಒಂದೇ ನ್ಯುಮೋನಿಯಾ ಬಂದರೆ ಮೊದಲನೆಯವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳಬಹುದು. ಎರಡನೆಯವರು ಜ್ವರ ಇಳಿದ ಮೇಲೂ ಹಾಸಿಗೆ ಬಿಟ್ಟು ಏಳದೆ ಹೋಗಬಹುದು. ವಯಸ್ಸು ಒಂದೇ, ರೋಗವೂ ಒಂದೇ. ಆದರೂ ಫಲ ಬೇರೆ. ಪೆಟ್ಟನ್ನು ತಾಳಿಕೊಳ್ಳುವ ದೇಹದ ಒಳಬಲ ಕರಗಿಹೋಗಿರುವ ಈ ಸ್ಥಿತಿಗೆ ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಜರಾದೌರ್ಬಲ್ಯ’ ಎಂದು ಕರೆಯಬಹುದು.

ಇದನ್ನು ಅಳೆಯಲು ಎರಡು ದಾರಿಗಳು ಪ್ರಸಿದ್ಧವಾಗಿವೆ. ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಐದು ಲಕ್ಷಣಗಳನ್ನು ಗುರುತಿಸಿದರು: ಬಯಸದೆಯೇ ತೂಕ ಇಳಿಯುವುದು, ಕೈಯ ಹಿಡಿತ ಸಡಿಲವಾಗುವುದು, ಸದಾ ದಣಿವು, ನಡಿಗೆ ನಿಧಾನವಾಗುವುದು, ಚಟುವಟಿಕೆ ಕುಗ್ಗುವುದು. ಮೂರು ಅಥವಾ ಅದಕ್ಕಿಂತ ಹೆಚ್ಚು ಲಕ್ಷಣಗಳಿದ್ದರೆ ಆ ವ್ಯಕ್ತಿಯನ್ನು ದುರ್ಬಲರೆಂದು ಪರಿಗಣಿಸಬೇಕು. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಮಾಪಕ ಇನ್ನೂ ಸರಳವಾದುದು. ಮೊದಲು ಏಳು ಮೆಟ್ಟಿಲುಗಳಿದ್ದ ಅದರಲ್ಲಿ ಈಗ ಒಂಬತ್ತು ಇವೆ. ಗಟ್ಟಿಮುಟ್ಟಾಗಿರುವವರು ಮೊದಲ ಮೆಟ್ಟಿಲಲ್ಲಿ, ಅಂತ್ಯ ಸಮೀಪಿಸಿರುವವರು ಕೊನೆಯದರಲ್ಲಿ. ನಡೆಯುವುದು, ಸ್ನಾನ, ಉಡುಪು, ಅಡಿಗೆ, ಹಣದ ವ್ಯವಹಾರ ಇವುಗಳಲ್ಲಿ ಎಷ್ಟನ್ನು ತಾವಾಗಿಯೇ ಮಾಡಿಕೊಳ್ಳುತ್ತಿದ್ದರೆಂದು ವಿಚಾರಿಸಿ ಮೆಟ್ಟಿಲನ್ನು ನಿರ್ಧರಿಸುತ್ತಾರೆ. ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೆಂದರೆ, ರೋಗಿ ಸ್ಟ್ರೆಚರಿನ ಮೇಲೆ ಈಗ ಹೇಗಿದ್ದಾರೆ ಎಂಬುದನ್ನು ನೋಡಿ ಅಳೆಯುವಂತಿಲ್ಲ. ಎರಡು ವಾರಗಳ ಹಿಂದೆ ಹೇಗಿದ್ದರು ಎಂಬುದನ್ನು ಕೇಳಿ ಅಳೆಯಬೇಕು. ಇದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ನಿಜ ಹೇಳಬಲ್ಲ ಒಬ್ಬ ಬಂಧುವೂ, ಕೇಳುವ ತಾಳ್ಮೆಯುಳ್ಳ ಒಬ್ಬ ದಾದಿಯೂ ಇದ್ದರೆ ಸಾಕು.

ವೇಷ ಮರೆಸಿ ಬರುವ ರೋಗಗಳು

ವೃದ್ಧರಲ್ಲಿ ರೋಗವು ತನ್ನ ನಿಜರೂಪದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಎದೆನೋವಿಲ್ಲದೆ ಹೃದಯಾಘಾತವಾಗಬಹುದು, ಉಸಿರುಕಟ್ಟುವಿಕೆ ಅಥವಾ ಬರಿಯ ನಿಶ್ಶಕ್ತಿ ಮಾತ್ರ ಕಾಣಬಹುದು. ಮೈ ಬಿಸಿಯಾಗದೆಯೇ ಸೋಂಕು ರಕ್ತಕ್ಕೆ ಹರಡಿರಬಹುದು. ಇಂಗ್ಲೆಂಡಿನ ವೃದ್ಧರೋಗ ತಜ್ಞರಾದ ಬರ್ನಾರ್ಡ್ ಐಸಾಕ್ಸ್ ಅವರು ಮುಪ್ಪಿನ ನಾಲ್ಕು ‘ದೈತ್ಯ’ರನ್ನು ಹೆಸರಿಸಿದರು: ಓಡಾಟ ನಿಲ್ಲುವುದು, ಆಯತಪ್ಪಿ ಬೀಳುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಬುದ್ಧಿ ಮಂಕಾಗುವುದು. ಯಾವ ಅಂಗ ಕೆಟ್ಟರೂ ವೃದ್ಧರಲ್ಲಿ ಅದು ಈ ನಾಲ್ಕರಲ್ಲಿ ಒಂದರ ಮೂಲಕ ಹೊರಬೀಳುತ್ತದೆ. ಹೀಗಿರುವಾಗ “ಬಿದ್ದರು” ಎಂಬುದನ್ನೇ ರೋಗವೆಂದು ಬರೆದುಕೊಂಡು, ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲವೆಂದು ಮನೆಗೆ ಕಳುಹಿಸುವುದು ಅರ್ಧ ಕೆಲಸ ಮಾತ್ರ. ಏಕೆ ಬಿದ್ದರು? ಎದ್ದು ನಿಂತಾಗ ರಕ್ತದೊತ್ತಡ ಕುಸಿಯಿತೇ? ರಾತ್ರಿಯ ನಿದ್ರೆಯ ಮಾತ್ರೆ ಕಾರಣವೇ? ನೆಗಡಿಗೆಂದು ಅಂಗಡಿಯಿಂದ ತಂದ, ಅಮಲು ಬರಿಸುವ ಮಾತ್ರೆಯೇ? ರಕ್ತದೊತ್ತಡಕ್ಕೆ ಕೊಟ್ಟ ನೀರಿನ ಮಾತ್ರೆಯಿಂದ ಸೋಡಿಯಂ ಇಳಿಯಿತೇ? ಏಕಾದಶಿಯಂದು ಊಟ ಬಿಟ್ಟರೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಡದೆ ನುಂಗಿದರೇ? ಇವನ್ನು ಕೇಳದೆ ಕಳುಹಿಸಿದ ವೃದ್ಧರು ಮತ್ತೆ ಬೀಳುತ್ತಾರೆ. ಎರಡನೆಯ ಸಲ ಮೂಳೆ ಮುರಿದೇ ಬರುತ್ತಾರೆ.

ಸನ್ನಿಯಲ್ಲಿಯೂ ಎರಡು ಬಗೆಗಳುಂಟು. ಕೂಗಾಡಿ, ಕೈಗೆ ಹಾಕಿದ ಸೂಜಿಯನ್ನು ಕಿತ್ತುಹಾಕುವವರತ್ತ ಎಲ್ಲರ ಗಮನವೂ ಹರಿಯುತ್ತದೆ. ಸುಮ್ಮನೆ ಕಣ್ಣು ಮುಚ್ಚಿ, ಕೇಳಿದ್ದಕ್ಕೆ ತಡವಾಗಿ ಉತ್ತರಿಸಿ, ದಿನವಿಡೀ ಮಂಪರಿನಲ್ಲಿ ಬಿದ್ದಿರುವವರು “ತೊಂದರೆ ಕೊಡದ ರೋಗಿ” ಎನಿಸಿಕೊಳ್ಳುತ್ತಾರೆ. ಅಪಾಯ ಇವರಲ್ಲೇನೂ ಕಡಿಮೆಯಿಲ್ಲ. ಕಣ್ತಪ್ಪಿ ಹೋಗುವವರು ಹೆಚ್ಚಾಗಿ ಇವರೇ. ಮರೆಗುಳಿತನದ ಕಾಯಿಲೆ ತಿಂಗಳು ವರ್ಷಗಳಲ್ಲಿ ಬೆಳೆಯುತ್ತದೆ. ಸನ್ನಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬರುತ್ತದೆ, ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ. ಈ ವ್ಯತ್ಯಾಸವನ್ನು ತೋರಿಸಿಕೊಡುವ ಒಂದೇ ಸಾಕ್ಷಿಯೆಂದರೆ ಹಿಂದಿನ ಸ್ಥಿತಿಯನ್ನು ಕಂಡವರ ಮಾತು.

ಇಷ್ಟು ಸಾಲದೆಂಬಂತೆ ಆಸ್ಪತ್ರೆಯೇ ಹಾನಿಯನ್ನು ಸೇರಿಸುವುದೂ ಉಂಟು. ಗಂಟೆಗಟ್ಟಲೆ ಕಿರಿದಾದ ಸ್ಟ್ರೆಚರಿನ ಮೇಲೆ ಮಲಗಿಸುವುದು, ಅನುಕೂಲಕ್ಕೆಂದು ಮೂತ್ರದ ನಳಿಕೆ ಹಾಕುವುದು, ಕೈ ಕಟ್ಟುವುದು, ಕಳೆದುಹೋದೀತೆಂದು ಕನ್ನಡಕವನ್ನೂ ಶ್ರವಣಯಂತ್ರವನ್ನೂ ಹಲ್ಲಿನ ಸೆಟ್ಟನ್ನೂ ಮನೆಗೆ ಕಳುಹಿಸಿಬಿಡುವುದು, ಇವೆಲ್ಲ ಸನ್ನಿಯನ್ನು ಆಹ್ವಾನಿಸುವ ಕ್ರಮಗಳೇ. ಆರೋಗ್ಯವಂತ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನಡೆಸಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿಯೇ ಅವರ ಕಾಲುಗಳ ಮಾಂಸ ಸುಮಾರು 1 ಕಿಲೋಗ್ರಾಮಿನಷ್ಟು ಕರಗಿತ್ತು. ಅಮೆರಿಕದ ಷಾರನ್ ಇನೂಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮರುಮುಖವನ್ನು ತೋರಿಸುತ್ತದೆ. ಕನ್ನಡಕ ಮತ್ತು ಶ್ರವಣಯಂತ್ರಗಳನ್ನು ಒದಗಿಸುವುದು, ನೀರು ಕುಡಿಸುವುದು, ರಾತ್ರಿ ನಿದ್ರೆಗೆ ಭಂಗ ಬಾರದಂತೆ ನೋಡಿಕೊಳ್ಳುವುದು, ಬೇಗನೆ ಎಬ್ಬಿಸಿ ನಡೆಸುವುದು, ಈ ದಿನ ಯಾವುದು, ಈ ಸ್ಥಳ ಯಾವುದು ಎಂದು ನೆನಪಿಸುತ್ತಿರುವುದು, ಇಂತಹ ಸಾಮಾನ್ಯ ಉಪಚಾರಗಳಿಂದಲೇ ಸನ್ನಿಗೆ ಒಳಗಾಗುವವರ ಪ್ರಮಾಣ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು.

ಸಮಗ್ರ ಪರಿಶೀಲನೆ ಬೆಳೆದು ಬಂದ ಬಗೆ

ಈ ವಿಚಾರಕ್ಕೆ ತಳಹದಿ ಹಾಕಿದವರು ಇಂಗ್ಲೆಂಡಿನ ಮಾರ್ಜರಿ ವಾರೆನ್ ಎಂಬ ವೈದ್ಯೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಶ್ರಯಾಲಯದ ರೋಗಿಗಳನ್ನು ಸೇರಿಸಿದಾಗ ಅವರ ಹೊಣೆ ಆಕೆಯ ಪಾಲಿಗೆ ಬಂತು. ಗುಣವಾಗದವರೆಂದು ಬಿಡಲ್ಪಟ್ಟು ಹಾಸಿಗೆ ಹಿಡಿದಿದ್ದ ವೃದ್ಧರು ಅಲ್ಲಿ ನೂರಾರು. ವಾರೆನ್ ಅವರು ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿ, ವಿಂಗಡಿಸಿ, ಎಬ್ಬಿಸಿ ನಡೆಸಲು ಯತ್ನಿಸಿದರು. ಅನೇಕರು ಮನೆಗೆ ಮರಳಿದರು. ಹಾಸಿಗೆಯಲ್ಲಿ ಅವರನ್ನು ಹಿಡಿದಿಟ್ಟಿದ್ದುದು ವಯಸ್ಸಲ್ಲ, ಯಾರೂ ಸರಿಯಾಗಿ ನೋಡದೆ ಹೋದದ್ದು ಎಂಬುದು ಆಕೆಯ ಕೆಲಸದಿಂದ ಸಿದ್ಧವಾಯಿತು. ವೈದ್ಯರು, ದಾದಿಯರು, ವ್ಯಾಯಾಮ ಚಿಕಿತ್ಸಕರು, ಸಮಾಜ ಕಾರ್ಯಕರ್ತರು ಕೂಡಿ ಒಬ್ಬ ವೃದ್ಧರ ದೇಹ, ಮನಸ್ಸು, ಔಷಧಿ, ಓಡಾಟ, ಮನೆಯ ಪರಿಸ್ಥಿತಿ ಎಲ್ಲವನ್ನೂ ಒಟ್ಟಾಗಿ ನೋಡಿ ಯೋಜನೆ ಹಾಕುವ ‘ಸಮಗ್ರ ಪರಿಶೀಲನೆ’ಯ ಪದ್ಧತಿ ಹೀಗೆ ಬೆಳೆಯಿತು.

ಅಮೆರಿಕದ ಸೆಪುಲ್ವೇಡಾ ಆಸ್ಪತ್ರೆಯಲ್ಲಿ ಲಾರೆನ್ಸ್ ರೂಬೆನ್‌ಸ್ಟೈನ್ ಮತ್ತು ಸಂಗಡಿಗರು ನಡೆಸಿ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂತಹ ಘಟಕಕ್ಕೆ ಸೇರಿದ ವೃದ್ಧರಲ್ಲಿ ಒಂದು ವರ್ಷದೊಳಗೆ ಮೃತರಾದವರು ನೂರಕ್ಕೆ 23.8, ಎಂದಿನ ಚಿಕಿತ್ಸೆ ಪಡೆದವರಲ್ಲಿ 48.3. ಅನಂತರದ ಎಲ್ಲ ಅಧ್ಯಯನಗಳಲ್ಲಿಯೂ ಇಷ್ಟು ದೊಡ್ಡ ಫಲ ಕಂಡುಬಂದಿಲ್ಲವೆಂಬುದನ್ನೂ ಹೇಳಬೇಕು. ಒಂಬತ್ತು ದೇಶಗಳ 29 ಪ್ರಯೋಗಗಳನ್ನು, 13,766 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಮರಣದ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವನ್ನು ಕಾಣಲಿಲ್ಲ. ಆದರೆ ಸಮಗ್ರ ಪರಿಶೀಲನೆಗೆ ಒಳಗಾದವರು ಮೂರರಿಂದ ಹನ್ನೆರಡು ತಿಂಗಳ ನಂತರ ಬದುಕಿದ್ದು, ತಮ್ಮ ಮನೆಯಲ್ಲಿಯೇ ಇರುವ ಸಂಭವ ಹೆಚ್ಚು ಎಂಬುದನ್ನು ದೃಢಪಡಿಸಿತು. ಆಯುಷ್ಯದ ವರ್ಷಗಳನ್ನು ಎಣಿಸುವುದಕ್ಕಿಂತ ಸ್ವಂತ ಮನೆಯ ಜಗಲಿಯಲ್ಲಿ ಕುಳಿತಿರುವುದು ಅನೇಕ ವೃದ್ಧರಿಗೆ ಹೆಚ್ಚು ಬೇಕಾದುದು.

ಈ ಪದ್ಧತಿಯನ್ನು ಬಾಗಿಲಿನತ್ತ ತರುವ ಯತ್ನಕ್ಕೆ ಸೊಂಟದ ಮೂಳೆಮುರಿತದ ಚಿಕಿತ್ಸೆ ಒಳ್ಳೆಯ ನಿದರ್ಶನ. ಇಂಗ್ಲೆಂಡಿನಲ್ಲಿ 2010ರಿಂದ, 36 ಗಂಟೆಗಳೊಳಗೆ ಶಸ್ತ್ರಕ್ರಿಯೆ ಮತ್ತು 72 ಗಂಟೆಗಳೊಳಗೆ ವೃದ್ಧರೋಗ ತಜ್ಞರ ಪರೀಕ್ಷೆ ಮೊದಲಾದ ನಿಯಮಗಳನ್ನು ಪಾಲಿಸಿದ ಆಸ್ಪತ್ರೆಗಳಿಗೆ ಹೆಚ್ಚಿನ ಹಣ ಕೊಡುವ ಏರ್ಪಾಡು ಬಂತು. ಅದಕ್ಕೆ ಮುಂಚೆ 2007ರಿಂದ ಪ್ರತಿಯೊಂದು ಮೂಳೆಮುರಿತದ ಲೆಕ್ಕವಿಡುವ ರಾಷ್ಟ್ರೀಯ ದಾಖಲೆಯೂ ಆರಂಭವಾಗಿತ್ತು. 2007ರಲ್ಲಿ ಮುರಿತವಾದ ಮೂವತ್ತು ದಿನಗಳೊಳಗೆ ನೂರಕ್ಕೆ 10.9 ಮಂದಿ ಸಾಯುತ್ತಿದ್ದರೆ 2011ರ ಹೊತ್ತಿಗೆ ಅದು 8.5ಕ್ಕೆ ಇಳಿದಿತ್ತು. ಬ್ರಿಟಿಷ್ ಆರೋಗ್ಯ ಸೇವೆಯ 2019ರ ದೀರ್ಘಾವಧಿ ಯೋಜನೆ ಇನ್ನೂ ಮುಂದೆ ಹೋಗಿ, ದೊಡ್ಡ ತುರ್ತು ವಿಭಾಗಗಳಿರುವ ಆಸ್ಪತ್ರೆಗಳಲ್ಲಿ ವಾರಕ್ಕೆ ಕನಿಷ್ಠ 70 ಗಂಟೆಗಳ ಕಾಲ ದುರ್ಬಲ ವೃದ್ಧರ ತಂಡ ಇರಬೇಕೆಂದೂ, ರೋಗಿ ಬಂದ 30 ನಿಮಿಷಗಳೊಳಗೆ ದೌರ್ಬಲ್ಯದ ಅಳತೆಯಾಗುವಂತೆ ಶ್ರಮಿಸಬೇಕೆಂದೂ ಗುರಿಯಿಟ್ಟಿತು.

ಆಕ್ಷೇಪಗಳು

ಇದಕ್ಕೆ ವಿರೋಧವಾಗಿ ಹೇಳುವ ಮಾತುಗಳಲ್ಲಿ ಕೆಲವು ತೂಕವುಳ್ಳವು. ತುರ್ತು ವಿಭಾಗ ಪ್ರಾಣ ಉಳಿಸುವ ಸ್ಥಳ. ಅಲ್ಲಿ ಕುಳಿತು ಕುಶಲಪ್ರಶ್ನೆ ಮಾಡಲು ಬಿಡುವೆಲ್ಲಿ ಎಂಬುದು ಮೊದಲನೆಯದು. ಬಿಡುವಿಲ್ಲವೆಂಬುದು ನಿಜ. ಆದರೆ ಹಿಂದಿನ ಸ್ಥಿತಿಯನ್ನು ಐದು ನಿಮಿಷ ವಿಚಾರಿಸದೆ ಹೋದುದರಿಂದ ಬೇಡದ ಸ್ಕ್ಯಾನುಗಳೂ, ತಪ್ಪು ವಾರ್ಡಿನಲ್ಲಿ ಕಳೆದ ದಿನಗಳೂ, ವಾರದೊಳಗೆ ಮತ್ತೆ ಅದೇ ಬಾಗಿಲಿಗೆ ಬರುವ ಪರಿಸ್ಥಿತಿಯೂ ಒದಗಿದರೆ ಉಳಿಸಿದ ಸಮಯವಾದರೂ ಏನು?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ತಜ್ಞರೊಬ್ಬರು ಬಂದು ನೋಡಿದ ಮಾತ್ರಕ್ಕೆ ಫಲ ದೊರೆಯುತ್ತದೆಯೇ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಲೆಸ್ಟರ್ ನಗರಗಳಲ್ಲಿ 70 ವರ್ಷ ದಾಟಿದ 433 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತುರ್ತು ವೈದ್ಯಕೀಯ ಘಟಕದಿಂದ ಬೇಗನೆ ಮನೆಗೆ ಹೊರಟ ವೃದ್ಧರನ್ನು ವೃದ್ಧರೋಗ ತಜ್ಞರು ನೋಡಿದರೂ ಅವರು ಮನೆಯಲ್ಲಿ ಕಳೆದ ದಿನಗಳು ಹೆಚ್ಚಲಿಲ್ಲ. ಇದು ಮರೆಮಾಚತಕ್ಕ ಸಂಗತಿಯಲ್ಲ. ಇದರಿಂದ ಹೊರಡುವ ಅರ್ಥವೆಂದರೆ, ಸಲಹೆಯೊಂದೇ ಸಾಲದು. ಅದನ್ನು ಜಾರಿಗೆ ತರುವ ಕೈಗಳೂ ಬೇಕು. ನಡೆಸಲು ವ್ಯಾಯಾಮ ಚಿಕಿತ್ಸಕರಿಲ್ಲದೆ, ಔಷಧಿ ಕಡಿಮೆ ಮಾಡುವ ಅಧಿಕಾರವಿಲ್ಲದೆ, ಮನೆಗೆ ಹೋದ ಮೇಲೆ ವಿಚಾರಿಸುವವರಿಲ್ಲದೆ ಬರೆದ ಟಿಪ್ಪಣಿ ಕಡತದಲ್ಲಿಯೇ ಉಳಿಯುತ್ತದೆ.

ಮೂರನೆಯದು ಭಯದಿಂದ ಹುಟ್ಟಿದ ಆಕ್ಷೇಪ. ದೌರ್ಬಲ್ಯವನ್ನು ಅಳೆಯಲು ಕಲಿತ ಆಸ್ಪತ್ರೆ ಆ ಅಂಕಿಯನ್ನೇ ತೋರಿಸಿ ಚಿಕಿತ್ಸೆ ನಿರಾಕರಿಸಿದರೆ? ಈ ಭಯ ನಿರಾಧಾರವಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಪಿಸಿದಾಗ ಬ್ರಿಟನ್ನಿನ ಮಾರ್ಗಸೂಚಿಯು ತೀವ್ರ ನಿಗಾ ಘಟಕಕ್ಕೆ ಸೇರಿಸುವ ನಿರ್ಧಾರದಲ್ಲಿ ಇದೇ ಮಾಪಕವನ್ನು ಬಳಸಲು ಹೇಳಿತು. ಅಂಗವಿಕಲರ ಪರ ಸಂಘಟನೆಗಳು ತೀವ್ರವಾಗಿ ಪ್ರತಿಭಟಿಸಿದ ಮೇಲೆ, ಕಿರಿಯರಿಗೂ ಸ್ಥಿರವಾದ ಅಂಗವೈಕಲ್ಯವುಳ್ಳವರಿಗೂ ಅದನ್ನು ಅನ್ವಯಿಸಬಾರದೆಂದು ಅದೇ ತಿಂಗಳಲ್ಲಿ ತಿದ್ದುಪಡಿ ಮಾಡಬೇಕಾಯಿತು. ಅಳತೆ ಇರುವುದು ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ತಿಳಿಯುವುದಕ್ಕೆ, ಬಾಗಿಲು ಹಾಕುವುದಕ್ಕಲ್ಲ. ಅಳತೆಯನ್ನು ಬೇಡವೆನ್ನುವುದೂ ಪರಿಹಾರವಲ್ಲ. ಅಳತೆ ಮಾಡದ ಕಡೆ “ವಯಸ್ಸು ಎಂಬತ್ತು” ಎಂಬ ಒಂದು ಅಂಕಿಯೇ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ; ಆಗ ಗಟ್ಟಿಮುಟ್ಟಾದ ಎಂಬತ್ತರವರಿಗೂ ಅನ್ಯಾಯವಾಗುತ್ತದೆ.

ಭಾರತದ ಸ್ಥಿತಿ

ಭಾರತದಲ್ಲಿ ಈ ಶಾಸ್ತ್ರಕ್ಕೆ ಬೀಜ ಬಿತ್ತಿದ ಕೀರ್ತಿ ಮದರಾಸಿಗೆ ಸಲ್ಲುತ್ತದೆ. ಅಲ್ಲಿಯ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು 1978ರಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗವನ್ನು ಆರಂಭಿಸಿದರು. ಅದಕ್ಕೆ ಹೊಂದಿಕೊಂಡಿರುವ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲಿ ಈ ವಿಷಯದ ಎಂ.ಡಿ. ಶಿಕ್ಷಣವೂ ಮೊದಲಾಯಿತು. ತುರ್ತು ವೈದ್ಯಶಾಸ್ತ್ರವನ್ನು ಭಾರತೀಯ ವೈದ್ಯಕೀಯ ಮಂಡಳಿ ಪ್ರತ್ಯೇಕ ಶಾಖೆಯೆಂದು ಮಾನ್ಯ ಮಾಡಿದ್ದು 2009ರಲ್ಲಿ. ಎರಡೂ ಶಾಖೆಗಳು ಇನ್ನೂ ಎಳೆಯವು; ಎರಡರ ನಡುವೆ ಒಡನಾಟ ಇನ್ನೂ ಎಳೆಯದು.

ಕಾನೂನಿನ ಬೆಂಬಲ ಇಲ್ಲದಿಲ್ಲ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣದ 2007ರ ಅಧಿನಿಯಮದ 20ನೆಯ ಕಲಮು ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ವೃದ್ಧರಿಗೆ ಹಾಸಿಗೆ, ಪ್ರತ್ಯೇಕ ಸರದಿಸಾಲು ಇರಬೇಕೆಂದೂ, ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರ ಚಿಕಿತ್ಸೆಯ ಅನುಭವವುಳ್ಳ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಸೌಲಭ್ಯಗಳನ್ನು ಮೀಸಲಿಡಬೇಕೆಂದೂ ಹೇಳುತ್ತದೆ. 2010–11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಗಳ ವಾರ್ಡನ್ನು ಉದ್ದೇಶಿಸಿತು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು, ಆದಾಯದ ಮಿತಿಯಿಲ್ಲದೆ, 70 ವರ್ಷ ತುಂಬಿದವರಿಗೆಲ್ಲ ವಿಸ್ತರಿಸಲಾಯಿತು. ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚ ಅದರಲ್ಲಿ ಸೇರಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಹಾಸಿಗೆ, ವಾರ್ಡು, ವಿಮೆ ಇವೆಲ್ಲವೂ ರೋಗಿ ಒಳಗೆ ಹೋದ ಮೇಲಿನ ಮಾತು. ಒಳಗೆ ಹೋಗಬೇಕೇ, ಯಾವ ವಾರ್ಡಿಗೆ, ಯಾವ ಉದ್ದೇಶಕ್ಕೆ ಎಂಬುದು ತೀರ್ಮಾನವಾಗುವ ಮೊದಲ ಗಂಟೆಗಳನ್ನು ಯಾವುದೂ ಮುಟ್ಟುವುದಿಲ್ಲ.

2011ರ ಜನಗಣತಿಯಲ್ಲಿಯೇ 60 ವರ್ಷ ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಮೀರಿದ್ದರು. ಪ್ರತಿ ತುರ್ತು ವಿಭಾಗದಲ್ಲಿಯೂ ಒಬ್ಬ ವೃದ್ಧರೋಗ ತಜ್ಞರನ್ನು ಕೂರಿಸುವುದು ಸದ್ಯಕ್ಕೆ ಆಗದ ಮಾತು. ಆಗಬಹುದಾದುದು ಬೇರೆ ಇದೆ. 70 ವರ್ಷ ಮೀರಿ ಬಂದ ಪ್ರತಿಯೊಬ್ಬರ ದೌರ್ಬಲ್ಯವನ್ನು ಮೊದಲ ಅರ್ಧ ಗಂಟೆಯಲ್ಲಿ ಅಳೆದು ಬರೆಯುವಂತೆ ದಾದಿಯರಿಗೆ ತರಬೇತಿ ಕೊಡಬಹುದು. ದುರ್ಬಲರೆಂದು ಕಂಡವರಿಗೆ ಸನ್ನಿಯ ಪರೀಕ್ಷೆ, ಔಷಧಿಗಳ ಪಟ್ಟಿಯ ಪರಿಶೀಲನೆ, ನಡೆಸಿ ನೋಡುವುದು ಈ ಮೂರನ್ನು ಕಡ್ಡಾಯ ಮಾಡಬಹುದು. ಒಂದು ನಗರದ ಹಲವು ಆಸ್ಪತ್ರೆಗಳು ಸೇರಿ ಒಬ್ಬ ತಜ್ಞರ ಸಲಹೆಯನ್ನು ದೂರವಾಣಿಯಲ್ಲಿ ಪಡೆಯಬಹುದು. ಮನೆಗೆ ಕಳುಹಿಸುವ ಮುನ್ನ “ಮನೆಯಲ್ಲಿ ಹಗಲು ಯಾರಿರುತ್ತಾರೆ?” ಎಂದು ಕೇಳಬಹುದು. ಇವುಗಳಿಗೆ ಕಟ್ಟಡ ಬೇಡ. ಇದು ತಮ್ಮ ಕೆಲಸವೆಂದು ಒಪ್ಪಿಕೊಳ್ಳುವ ಆಡಳಿತ ಬೇಕು. ಸ್ಕ್ಯಾನಿಗೆ ಬಿಲ್ಲಿದೆ, ಹದಿನೈದು ನಿಮಿಷ ಕುಳಿತು ಕೇಳುವುದಕ್ಕೆ ಬಿಲ್ಲಿಲ್ಲ. ಎಲ್ಲಿಯವರೆಗೆ ಹೀಗಿರುತ್ತದೆಯೋ ಅಲ್ಲಿಯವರೆಗೆ ಈ ಪರಿಶೀಲನೆ ಕೆಲವು ಸಹೃದಯ ವೈದ್ಯರ ವೈಯಕ್ತಿಕ ಔದಾರ್ಯವಾಗಿಯೇ ಉಳಿಯುತ್ತದೆ.

ಭಾಷೆಯೂ ವೈದ್ಯಕೀಯ ವಿಷಯವೇ

ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಧಾರವಾಡದ ಅಥವಾ ಹಾಸನದ ಹಳ್ಳಿಯಿಂದ ಎಪ್ಪತ್ತು ದಾಟಿದ ಮೇಲೆ ಮಗನ ಫ್ಲ್ಯಾಟಿಗೆ ಬಂದ ತಾಯಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬರುವುದಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಎಷ್ಟೋ ಹಿರಿಯರ ಮನೆಮಾತು ತುಳು. ಮಗ, ಸೊಸೆ ಇಬ್ಬರೂ ಕಚೇರಿಯಲ್ಲಿದ್ದಾಗ ಅಸ್ವಸ್ಥರಾದರೆ ಆಸ್ಪತ್ರೆಗೆ ಕರೆತರುವವರು ನೆರೆಮನೆಯವರೋ ಕಟ್ಟಡದ ಕಾವಲುಗಾರನೋ. ಆತನಿಗೆ ಆಕೆಯ ಹೆಸರೇ ಸರಿಯಾಗಿ ತಿಳಿಯದು; ಹದಿನೈದು ದಿನಗಳ ಹಿಂದಿನ ಸ್ಥಿತಿ ತಿಳಿಯುವುದೆಲ್ಲಿಂದ ಬಂತು?

ಬುದ್ಧಿಯ ಸ್ಥಿಮಿತವನ್ನು ಪರೀಕ್ಷಿಸಲು ವೈದ್ಯರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ತಾರೀಖು, ತಿಂಗಳು, ಇಸವಿ, ಸ್ಥಳ ಇವುಗಳನ್ನು ಕುರಿತವು. ಸಂವತ್ಸರದ ಹೆಸರನ್ನೂ ಮಾಸ, ತಿಥಿಗಳನ್ನೂ ತಪ್ಪಿಲ್ಲದೆ ಹೇಳಬಲ್ಲ ವೃದ್ಧೆ ಇಸವಿ ಹೇಳಲಾರಳು. ಪ್ರಶ್ನೆ ಹಿಂದಿಯಲ್ಲಿದ್ದರೆ ಸುಮ್ಮನೆ ನೋಡುತ್ತಾಳೆ. ಆಗ ‘ಗೊಂದಲದಲ್ಲಿದ್ದಾರೆ’ ಎಂಬ ಷರಾ ಬೀಳುತ್ತದೆ. ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ: ನಿಜವಾಗಿ ಸನ್ನಿಯಲ್ಲಿರುವವಳ ಅಸಂಬದ್ಧ ಮಾತನ್ನು ‘ಭಾಷೆ ಬಾರದು’ ಎಂದು ಬಿಟ್ಟುಬಿಡುತ್ತಾರೆ. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿರೆಂದು ಕನ್ನಡದಲ್ಲಿ ಕೇಳುವವರೊಬ್ಬರಿದ್ದರೆ ಎರಡು ನಿಮಿಷಗಳಲ್ಲಿ ಸುಳಿವು ದೊರೆಯುತ್ತದೆ; ಸನ್ನಿಯಲ್ಲಿರುವವರು ನಡುದಾರಿಯಲ್ಲಿ ಎಳೆ ಕಳೆದುಕೊಳ್ಳುತ್ತಾರೆ. ಪರೀಕ್ಷೆಯು ರೋಗಿಯ ಭಾಷೆಗೂ ಬದುಕಿಗೂ ಹೊಂದಬೇಕೆಂಬುದು ವಿಜ್ಞಾನ ಒಪ್ಪಿದ ಮಾತೇ. ಹರಿಯಾಣದ ಬಲ್ಲಭಗಢದ ಅಕ್ಷರ ಬಾರದ ಹಳ್ಳಿಗರಿಗಾಗಿ 1995ರಲ್ಲಿ ಹಿಂದಿಯ ಪರೀಕ್ಷೆಯೊಂದನ್ನು ಪ್ರತ್ಯೇಕವಾಗಿ ರೂಪಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮರೆಗುಳಿತನದ ಪತ್ತೆಗಾಗಿ ಸಿದ್ಧಪಡಿಸಿದ ಪರೀಕ್ಷಾ ಸಾಮಗ್ರಿಯಲ್ಲಿ ಕನ್ನಡವೂ ಒಂದು. ಆದರೆ ಕನ್ನಡದ ಪರೀಕ್ಷೆ ಬೆಂಗಳೂರಿನಲ್ಲಿ ಇದ್ದು, ರೋಗಿ ಮುಂಬಯಿಯ ಸ್ಟ್ರೆಚರಿನ ಮೇಲೆ ಇದ್ದರೆ ಏನು ಪ್ರಯೋಜನ?

ಮನೆಯವರೂ ಸಂಘಗಳೂ ಮಾಡಬಹುದಾದುದು

ಆಸ್ಪತ್ರೆಗಳು ಬದಲಾಗುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಹಿರಿಯರಿರುವ ಪ್ರತಿ ಮನೆಯಲ್ಲಿಯೂ ಒಂದು ಹಾಳೆ ಸಿದ್ಧವಾಗಿರಬೇಕು. ಒಂದು ಮಗ್ಗುಲು ಕನ್ನಡದಲ್ಲಿ, ಇನ್ನೊಂದು ಆ ನಗರದ ವೈದ್ಯರು ಓದಬಲ್ಲ ಭಾಷೆಯಲ್ಲಿ ಇದ್ದರೆ ಒಳ್ಳೆಯದು. ಹೆಸರು, ವಯಸ್ಸು, ಮಾತನಾಡುವ ಭಾಷೆ, ಕೋಲು ಹಿಡಿಯದೆ ನಡೆಯುತ್ತಾರೆಯೇ, ಮೆಟ್ಟಿಲು ಹತ್ತುತ್ತಾರೆಯೇ, ಸ್ನಾನ, ಶೌಚ, ಊಟಗಳಿಗೆ ಸಹಾಯ ಬೇಕೇ, ನೆನಪು ಹೇಗಿದೆ, ಕಣ್ಣು, ಕಿವಿ, ಹಲ್ಲುಗಳ ಸ್ಥಿತಿ, ಹಿಂದಿನ ಕಾಯಿಲೆಗಳು, ಒಗ್ಗದ ಔಷಧಿಗಳು, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳು ಇವೆಲ್ಲ ಅದರಲ್ಲಿರಬೇಕು. ಆಯುರ್ವೇದದ ಲೇಹ್ಯ, ಕಷಾಯ, ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನೂ ಬಿಡದೆ ಬರೆಯಬೇಕು. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಅದನ್ನು ತಿದ್ದಿ ದಿನಾಂಕ ಹಾಕಬೇಕು. ಆಸ್ಪತ್ರೆಗೆ ಹೊರಡುವಾಗ ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟು, ಮಾತ್ರೆಗಳ ಚೀಲ ಇವು ಹಾಳೆಯ ಜೊತೆಗೆ ಹೋಗಬೇಕು. ಅಲ್ಲಿ “ಇವರು ಮೊದಲು ಹೀಗಿರಲಿಲ್ಲ, ಇದು ಇಂಥ ದಿನದಿಂದ” ಎಂಬ ಮಾತನ್ನು ಸಂಕೋಚವಿಲ್ಲದೆ, ಬೇಕಾದರೆ ಎರಡು ಸಲ ಹೇಳಬೇಕು.

ಇನ್ನೊಂದು ವಿಷಯವನ್ನು ಮನೆಯಲ್ಲಿ ಮಾತನಾಡುವುದು ಕಷ್ಟವಾದರೂ ಮಾತನಾಡಲೇಬೇಕು. ತೀರ ದುರ್ಬಲರಾದ ಹಿರಿಯರು ಕೃತಕ ಉಸಿರಾಟದ ಯಂತ್ರ, ತೀವ್ರ ನಿಗಾ ಘಟಕ ಇವುಗಳನ್ನು ಬಯಸುತ್ತಾರೆಯೇ ಎಂಬುದನ್ನು ಅವರು ನೆಮ್ಮದಿಯಿಂದಿರುವಾಗಲೇ ಕೇಳಿ ತಿಳಿಯುವುದು ಮಕ್ಕಳ ಧರ್ಮ. ಇಂತಹ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ಕೇಳದೆ ಹೋದರೆ ಆ ನಿರ್ಧಾರ ನಡುರಾತ್ರಿಯಲ್ಲಿ, ಗಾಬರಿಗೊಂಡ ಮಗನ ಹೆಗಲ ಮೇಲೆ ಬೀಳುತ್ತದೆ.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಸಂಗೀತಗಳ ಮೂಲಕ ಭಾಷೆಯನ್ನು ಉಳಿಸಿಕೊಂಡು ಬಂದಿವೆ. ಆ ಭಾಷೆ ಅತ್ಯಂತ ಅಗತ್ಯವಾಗುವ ಸ್ಥಳಗಳಲ್ಲಿ ಆಸ್ಪತ್ರೆಯ ಹಾಸಿಗೆಯೂ ಒಂದು. ಮೇಲೆ ಹೇಳಿದ ಹಾಳೆಯನ್ನು ಅಚ್ಚು ಮಾಡಿಸಿ ಸದಸ್ಯರಿಗೆ ಹಂಚುವುದಕ್ಕೆ ತಗಲುವ ವೆಚ್ಚ ಅಲ್ಪ. ಕರೆ ಬಂದಾಗ ಆಸ್ಪತ್ರೆಗೆ ಹೋಗಿ, ರೋಗಿಯ ಬಳಿ ಕುಳಿತು, ವೈದ್ಯರ ಮಾತನ್ನು ಕನ್ನಡಕ್ಕೂ ರೋಗಿಯ ಮಾತನ್ನು ಅಲ್ಲಿಯ ಭಾಷೆಗೂ ಹೇಳಬಲ್ಲ ಸ್ವಯಂಸೇವಕರ ಪಟ್ಟಿಯನ್ನು ಬಡಾವಣೆವಾರು ಸಿದ್ಧಪಡಿಸಬಹುದು; ತುಳು, ಕೊಂಕಣಿ ಬಲ್ಲವರ ಹೆಸರನ್ನು ಪ್ರತ್ಯೇಕವಾಗಿ ಗುರುತಿಸಬಹುದು. ಹತ್ತಿರದ ಆಸ್ಪತ್ರೆಗಳ ಮೇಲ್ವಿಚಾರಕರನ್ನು ಕಂಡು, ತುರ್ತು ವಿಭಾಗದಲ್ಲಿ ವೃದ್ಧರ ದೌರ್ಬಲ್ಯವನ್ನು ಅಳೆಯುವ ಪದ್ಧತಿ ಇದೆಯೇ ಎಂದು ವಿಚಾರಿಸಬಹುದು. ಇಲ್ಲವೆಂಬ ಉತ್ತರ ಬಂದರೆ ಮರುವರ್ಷವೂ ಹೋಗಿ ಕೇಳಬೇಕು. ಮರಾಠಿ, ತಮಿಳು, ತೆಲುಗು ಸಂಘಗಳ ಜೊತೆಗೂಡಿ ಕೇಳಿದರೆ ಆ ಪ್ರಶ್ನೆಗೆ ಬಲ ಹೆಚ್ಚು; ಏಕೆಂದರೆ ಮಹಾನಗರದ ಕ್ಯಾಶುಯಲ್ಟಿಯಲ್ಲಿ ಮಾತು ತಿಳಿಯದೆ ಮಲಗಿರುವ ವೃದ್ಧರು ಕನ್ನಡಿಗರು ಮಾತ್ರವೇ ಅಲ್ಲ.